ಡಾ. ಯಲ್ಲಾಪ್ರಗಡ ಸುಬ್ಬರಾವ್

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಲ್ಲುಗೋಡೆಗಳು ಎಷ್ಟೇ ಎತ್ತರವಾಗಿದ್ದರೂ ಶತ್ರು ಒಳನುಸುಳಲು ಒಂದು ಸಣ್ಣ ಕಿಂಡಿ ಸಾಕಾಯಿತೆಂಬುದನ್ನು ಒನಕೆ ಓಬವ್ವನ ಕಥೆ ಬಲ್ಲವರೆಲ್ಲರೂ ಅರಿತಿದ್ದಾರೆ. ಕಿಂಡಿಯಲ್ಲಿ ತಲೆಯಿಟ್ಟವನು ವೈರಿಯೆಂಬುದು ಓಬವ್ವನಿಗೆ ಕಂಡೊಡನೆ ತಿಳಿಯಿತು. ಒನಕೆಯನ್ನೆತ್ತಲು ಅವಳು ತಡಮಾಡಲಿಲ್ಲ. ಆದರೆ ನುಸುಳಿ ಬಂದವನು ಕೋಟೆಯ ಕಾವಲುಗಾರನ ಉಡುಪನ್ನೇ ತೊಟ್ಟಿದ್ದರೆ ಏನಾಗುತ್ತಿತ್ತು? ಮನುಷ್ಯನ ದೇಹವೂ ಒಂದು ಕೋಟೆ. ಅದರ ಕಾವಲಿಗೆ ಬಿಳಿ ರಕ್ತಕಣಗಳ ಸೈನ್ಯವಿದೆ. ಪರಕೀಯವಾದುದೇನು ಕಂಡರೂ ಆ ಸೈನ್ಯವು ಮೇಲೆ ಬಿದ್ದು ನಾಶಮಾಡುತ್ತದೆ. ಹೀಗಿದ್ದರೂ ಕೆಲವು ಹುಳುಗಳು ಈ ಕೋಟೆಯೊಳಗೆ ಹೊಕ್ಕು, ಕಾವಲಿನ ಕಣ್ಣಿಗೆ ಮಣ್ಣೆರಚಿ, ವರ್ಷಗಟ್ಟಲೆ ಸುಖವಾಗಿ ಬಾಳುತ್ತವೆ. ಆನೆಕಾಲು ರೋಗವನ್ನು ತರುವ ಹುಳು ಇಂತಹ ಕಪಟಿಗಳಲ್ಲಿ ಒಂದು.

ಕರ್ನಾಟಕದ ಕರಾವಳಿಯ ಜಿಲ್ಲೆಗಳಲ್ಲಿಯೂ, ಬೀದರ್, ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆಗಳ ಸೀಮೆಯಲ್ಲಿಯೂ ಈ ರೋಗವು ಬಹುಕಾಲದಿಂದ ಬೇರೂರಿತ್ತು. ಕಾಲು ಬಾತು, ಚರ್ಮ ದಪ್ಪಗಟ್ಟಿ, ನಡೆಯುವುದೇ ದುಸ್ತರವಾದ ಬಡ ಕೂಲಿಕಾರರು ದುಡಿಮೆಯನ್ನು ಕಳೆದುಕೊಂಡು, ನೆರೆಹೊರೆಯವರ ಅಸಹ್ಯಕ್ಕೆ ಗುರಿಯಾಗಿ ಮೂಲೆ ಸೇರುತ್ತಿದ್ದರು. ಈ ರೋಗದ ಹುಳುವಿನ ವಿರುದ್ಧ ಮೊಟ್ಟಮೊದಲು ಸಮರ್ಥವಾದ, ಬಾಯಿಂದ ಸೇವಿಸಬಹುದಾದ ಔಷಧಿಯು ದೊರೆತದ್ದು 1947ರಲ್ಲಿ. ಅದನ್ನು ಕಂಡುಹಿಡಿದ ಸಂಶೋಧಕರ ತಂಡಕ್ಕೆ ನಾಯಕರಾಗಿದ್ದವರು ಭಾರತದ ಒಂದು ಸಣ್ಣ ಊರಿನಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್. ಲೋಕಕ್ಕೆ ಅನೇಕ ಔಷಧಿಗಳನ್ನಿತ್ತ ಈ ಮಹನೀಯರ ಬಾಳು ಕಷ್ಟ, ಸೋಲು, ಶೋಕಗಳ ನಡುವೆ ಬೆಳಗಿದ ಬಾಳು.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಗೋದಾವರಿ ಸೀಮೆಯ ಭೀಮವರದಲ್ಲಿ ಜನಿಸಿದರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿ ನೌಕರರಾಗಿದ್ದರು, ತಾಯಿ ವೆಂಕಮ್ಮ. ಏಳು ಮಕ್ಕಳ ದೊಡ್ಡ ಸಂಸಾರ. ತಂದೆಯು ಅನಾರೋಗ್ಯದಿಂದಾಗಿ ಅಕಾಲದಲ್ಲಿಯೇ ನೌಕರಿಯನ್ನು ಬಿಡಬೇಕಾಗಿ ಬಂದುದರಿಂದ ಮನೆಗೆ ಬಡತನವು ಕಾಲಿಟ್ಟಿತು. ಬಾಲಕ ಸುಬ್ಬರಾಯನಿಗೆ ಓದಿಗಿಂತ ಹಣ ಗಳಿಸಿ ಮನೆಯ ಕಷ್ಟವನ್ನು ನೀಗುವ ಆಸೆಯೇ ಹೆಚ್ಚಾಗಿತ್ತು. ಹದಿಮೂರರ ಹರೆಯದಲ್ಲಿ ಅವನು ಯಾರಿಗೂ ಹೇಳದೆ ಮನೆಯನ್ನು ಬಿಟ್ಟು ಹೊರಟನು. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಯಹಣ್ಣು ಮಾರಿ ಸಿರಿವಂತನಾಗಬೇಕೆಂಬುದು ಅವನ ಹಂಚಿಕೆಯಾಗಿತ್ತು. ಮನೆಯವರು ದಾರಿಯಲ್ಲಿಯೇ ಅವನನ್ನು ಹಿಡಿದು ಹಿಂದಕ್ಕೆ ಕರೆತಂದರು. ತಾಯಿ ವೆಂಕಮ್ಮನು ಮಗನು ಓದಲೇಬೇಕೆಂದು ಹಟ ಹಿಡಿದಳು. ಆ ತಾಯಿಯ ಹಟವು ಮುಂದೆ ಲೋಕಕ್ಕೆ ಮಹೋಪಕಾರವಾಗಿ ಪರಿಣಮಿಸಿತು.

ಓದಿನ ದಾರಿಯೂ ಸುಗಮವಾಗಿರಲಿಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸುಬ್ಬರಾಯನು ಎರಡು ಬಾರಿ ಅನುತ್ತೀರ್ಣನಾದನು. ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲನ್ನು ಸೇರಿ ಮೂರನೆಯ ಬಾರಿಗೆ ತೇರ್ಗಡೆ ಹೊಂದಿದನು. ಅನಂತರ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮುಂದುವರಿಯಿತು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರು. ತರುಣ ಸುಬ್ಬರಾಯರ ಮನಸ್ಸು ಲೌಕಿಕದಿಂದ ವಿಮುಖವಾಗಿ, ರಾಮಕೃಷ್ಣ ಮಠವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಹಾತೊರೆಯಿತು. ಆದರೆ ತಾಯಿಯ ಅನುಮತಿ ದೊರೆಯಲಿಲ್ಲ. ವೈದ್ಯನಾಗಿಯೂ ದೀನರ ಸೇವೆ ಮಾಡಬಹುದೆಂಬ ಮಠದ ಹಿರಿಯರ ಸಲಹೆಯು ಅವರಿಗೆ ದಾರಿ ತೋರಿತು. ಸುಬ್ಬರಾಯರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಗೆಳೆಯರೂ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ವಿದ್ಯಾಭ್ಯಾಸದ ವೆಚ್ಚಕ್ಕೆ ನೆರವಾದರು. ಮೂರ್ತಿಯವರ ಮಗಳು ಶೇಷಗಿರಿಯೊಡನೆ 1919ರಲ್ಲಿ ಅವರ ವಿವಾಹವಾಯಿತು.

ಅದು ಸ್ವಾತಂತ್ರ್ಯ ಚಳವಳಿಯು ಕಾವೇರುತ್ತಿದ್ದ ಕಾಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಖಾದಿಯನ್ನು ತೊಟ್ಟರು. ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿಯಲ್ಲಿಯೇ ಹೋದರು. ಇದು ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು. ಇತರ ವಿಷಯಗಳಲ್ಲಿ ಚೆನ್ನಾಗಿ ಉತ್ತರಿಸಿದ್ದರೂ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ. ಅದರಿಂದ ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಮುಚ್ಚಿದಂತಾಯಿತು. ಅವರು ಮದರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಇದೇ ಕಾಲದಲ್ಲಿ ಸುಬ್ಬರಾಯರ ಮನೆಯ ಮೇಲೆ ಘೋರವಾದ ಆಘಾತವೊಂದು ಬಂದೆರಗಿತು. ಉಷ್ಣವಲಯದ ನಾಡುಗಳಲ್ಲಿ ಕಾಣಿಸಿಕೊಳ್ಳುವ ಸ್ಪ್ರೂ ಎಂಬುದು ಒಂದು ಬಗೆಯ ಸಂಗ್ರಹಣಿ ರೋಗ. ಉಂಡ ಅನ್ನವು ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಬತ್ತಿ, ರೋಗಿಯು ದಿನದಿನಕ್ಕೆ ಕೃಶನಾಗಿ ಸಾಯುತ್ತಾನೆ. ಸುಬ್ಬರಾಯರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಈ ರೋಗಕ್ಕೆ ಬಲಿಯಾದರು. ವೈದ್ಯಶಾಸ್ತ್ರವನ್ನು ಓದಿದ ಸೋದರನು ಕಣ್ಣೆದುರಿಗಿದ್ದರೂ ಏನನ್ನೂ ಮಾಡಲಾಗಲಿಲ್ಲ. ಸುಬ್ಬರಾಯರಿಗೂ ಅದೇ ರೋಗ ತಗುಲಿತು. ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಆದರೆ ರೋಗದ ಕಾರಣವನ್ನೇ ತಿಳಿಯದೆ ಮದ್ದನ್ನು ಹುಡುಕುವುದು ಕತ್ತಲೆಯಲ್ಲಿ ತಡಕಾಡಿದಂತೆ ಎಂಬ ಅರಿವು ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ಸಂಶೋಧನೆಗಾಗಿ ಅಮೆರಿಕಕ್ಕೆ ಹೋಗಲೇಬೇಕೆಂದು ಅವರು ನಿಶ್ಚಯಿಸಿದರು.

ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯ್ಕರ್ ಧರ್ಮಸಂಸ್ಥೆಯೂ ಮಾವನವರೂ ಪ್ರಯಾಣಕ್ಕೆ ಹಣವನ್ನು ಒದಗಿಸಿದರು. 1922ರ ಅಕ್ಟೋಬರ್ 26ರಂದು ಸುಬ್ಬರಾಯರು ಬಾಸ್ಟನ್ ನಗರವನ್ನು ತಲುಪಿದರು. ತುಂಬು ಗರ್ಭಿಣಿಯಾಗಿದ್ದ ಪತ್ನಿಯನ್ನು ತಾಯ್ನಾಡಿನಲ್ಲಿ ಬಿಟ್ಟು ಬಂದಿದ್ದರು. ಅವರಿಗೆ ಹುಟ್ಟಿದ ಮಗ ಶೈಶವದಲ್ಲಿಯೇ ತೀರಿಕೊಂಡನು. ತಂದೆಗೆ ಅವನ ಮುಖವನ್ನು ನೋಡುವ ಭಾಗ್ಯವಿರಲಿಲ್ಲ. ಕೆಲವು ವರ್ಷಗಳಲ್ಲಿ ಹಿಂದಿರುಗುವೆನೆಂದು ಹೊರಟಿದ್ದ ಅವರು ಮತ್ತೆ ಭಾರತಕ್ಕೆ ಬರಲೇ ಇಲ್ಲ. ಶೇಷಗಿರಿಯವರು ತಮ್ಮ ಪತಿಯನ್ನು ಪುನಃ ಕಾಣಲಿಲ್ಲ. ವಿಜ್ಞಾನವು ಸುಬ್ಬರಾಯರಿಂದ ಕೇಳಿದ ಬೆಲೆಯಲ್ಲಿ ಒಂದು ಪಾಲನ್ನು ಆ ಸಾಧ್ವಿಯೂ ತೆತ್ತರು.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯ ಶಾಲೆಯಲ್ಲಿ ಅವರಿಗೆ ಪ್ರವೇಶವೇನೋ ದೊರೆಯಿತು. ಆದರೆ ಹೊಟ್ಟೆಪಾಡಿಗೆ ಹಣವಿರಲಿಲ್ಲ. ಅವರು ಹಗಲೆಲ್ಲ ಅಭ್ಯಾಸ ಮಾಡಿ, ರಾತ್ರಿ ಆಸ್ಪತ್ರೆಯೊಂದರಲ್ಲಿ ಪರಿಚಾರಕರಾಗಿ ದುಡಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸವನ್ನೂ ಅವರು ಹೀನವೆಂದು ಭಾವಿಸಲಿಲ್ಲ. ಉಷ್ಣವಲಯ ವೈದ್ಯದ ಡಿಪ್ಲೊಮಾ ಪಡೆದ ಬಳಿಕ ಅದೇ ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯೊಡನೆ ಸಂಶೋಧನೆಗೆ ತೊಡಗಿದರು.

ದೇಹದ ದ್ರವಗಳಲ್ಲಿಯೂ ಅಂಗಾಂಶಗಳಲ್ಲಿಯೂ ಇರುವ ರಂಜಕದ ಪ್ರಮಾಣವನ್ನು ಅಳೆಯುವ ಒಂದು ವಿಧಾನವನ್ನು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ಬಣ್ಣದ ಗಾಢತೆಯನ್ನು ನೋಡಿ ರಂಜಕವನ್ನು ಅಳೆಯುವ ಈ ಸರಳ ವಿಧಾನವು ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಪ್ರಸಿದ್ಧವಾಯಿತು. ಜೀವರಸಾಯನಶಾಸ್ತ್ರವನ್ನು ಅಭ್ಯಾಸ ಮಾಡುವ ತಲೆಮಾರುಗಳು ಅದನ್ನು ಕಲಿತಿವೆ. ಅದೇ ವಿಧಾನದ ಬಲದಿಂದ ಅವರು 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು ಗುರುತಿಸಿದರು. ಜೀವಕೋಶಗಳ ಶಕ್ತಿಯ ನಾಣ್ಯವೆನ್ನಬಹುದಾದ ಎ.ಟಿ.ಪಿ. ಎಂಬ ವಸ್ತುವನ್ನು 1929ರಲ್ಲಿ ಸ್ನಾಯುವಿನಿಂದ ಬೇರ್ಪಡಿಸಿದರು. ಇದೇ ವಸ್ತುವನ್ನು ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಕಂಡುಹಿಡಿದರು. ನಾವು ಓಡುವಾಗಲೂ, ಉಸಿರಾಡುವಾಗಲೂ ಸ್ನಾಯುಗಳು ವೆಚ್ಚ ಮಾಡುವುದು ಈ ನಾಣ್ಯವನ್ನೇ. 1930ರಲ್ಲಿ ಸುಬ್ಬರಾಯರಿಗೆ ಡಾಕ್ಟರೇಟ್ ಪದವಿ ಲಭಿಸಿತು. ಆದರೆ ಇಷ್ಟೆಲ್ಲ ಸಾಧಿಸಿದರೂ ಹಾರ್ವರ್ಡಿನಲ್ಲಿ ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ.

1940ರಲ್ಲಿ ಸುಬ್ಬರಾಯರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲ್ ಪ್ರಯೋಗಶಾಲೆಯನ್ನು ಸೇರಿ, ಸ್ವಲ್ಪ ಕಾಲದಲ್ಲಿಯೇ ಅದರ ಸಂಶೋಧನಾ ವಿಭಾಗದ ನಿರ್ದೇಶಕರಾದರು. ರಸಾಯನ ವಿಜ್ಞಾನಿಗಳು, ವೈದ್ಯರು, ಸಸ್ಯಶಾಸ್ತ್ರಜ್ಞರು, ಪರಾವಲಂಬಿ ಜೀವಿಗಳನ್ನು ಬಲ್ಲವರು ಎಲ್ಲರನ್ನೂ ಒಂದೇ ಗುರಿಯತ್ತ ನಡೆಸುವ ಹೊಣೆ ಅವರದಾಯಿತು. ಯಕೃತ್ತಿನಲ್ಲಿಯೂ ಹಸುರು ಸೊಪ್ಪಿನಲ್ಲಿಯೂ ಇರುವ ಫೋಲಿಕ್ ಆಮ್ಲವೆಂಬ ಜೀವಸತ್ತ್ವವನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸುವುದರಲ್ಲಿ ಅವರ ತಂಡವು 1945ರಲ್ಲಿ ಯಶಸ್ವಿಯಾಯಿತು. ಆ ಜೀವಸತ್ತ್ವವನ್ನು ಕೊಟ್ಟಾಗ ಸ್ಪ್ರೂ ರೋಗಿಗಳ ಬತ್ತಿದ ರಕ್ತವು ಮತ್ತೆ ತುಂಬಿಕೊಂಡಿತು. ಸೋದರರನ್ನು ಬಲಿ ತೆಗೆದುಕೊಂಡ ರೋಗಕ್ಕೆ ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷಗಳ ತರುವಾಯ ಸುಬ್ಬರಾಯರ ಪ್ರಯೋಗಶಾಲೆಯಿಂದಲೇ ಮದ್ದು ಹೊರಟಿತು.

ಅನಂತರ ಅವರ ತಂಡಕ್ಕೆ ಎದುರಾದ ವೈರಿ ಆನೆಕಾಲು ರೋಗದ ಹುಳು. ಅದರ ಬಲವನ್ನು ಅರಿಯಬೇಕಾದರೆ ಅದರ ಬಾಳನ್ನು ತಿಳಿಯಬೇಕು. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ಕಚ್ಚಿದಾಗ ಈ ಹುಳುವಿನ ಮರಿಗಳು ಚರ್ಮದ ಮೂಲಕ ಒಳಸೇರುತ್ತವೆ. ಅವು ದುಗ್ಧರಸ ಹರಿಯುವ ನಾಳಗಳಲ್ಲಿ ನೆಲೆಸಿ ದಾರದಂತೆ ಬೆಳೆಯುತ್ತವೆ. ಹೆಣ್ಣು ಹುಳು 8ರಿಂದ 10 ಸೆಂಟಿಮೀಟರ್ ಉದ್ದವಿದ್ದರೂ ಕೂದಲಿನಷ್ಟು ಸಣ್ಣಗಿರುತ್ತದೆ. ಅಲ್ಲಿ ಅದು ಹಲವು ವರ್ಷ ಬದುಕಿ ಲಕ್ಷಾಂತರ ಮರಿಗಳನ್ನು ಹಡೆಯುತ್ತದೆ. ಬರಿಗಣ್ಣಿಗೆ ಕಾಣದ ಆ ಮರಿಗಳು ರಕ್ತದಲ್ಲಿ ಅಲೆದಾಡಿ, ಮತ್ತೊಂದು ಸೊಳ್ಳೆಯ ಹೊಟ್ಟೆಯನ್ನು ಸೇರಲು ಕಾದಿರುತ್ತವೆ. ಮನುಷ್ಯನ ರಕ್ತದಲ್ಲಿ ಈ ಮರಿಗಳಿರುವುದನ್ನು 1872ರಲ್ಲಿ ಕಲಕತ್ತೆಯಲ್ಲಿ ಟಿಮೊಥಿ ಲೂಯಿಸ್ ಎಂಬ ವೈದ್ಯರು ಕಂಡಿದ್ದರು. ಅವು ಸೊಳ್ಳೆಯೊಳಗೆ ಹೊಕ್ಕು ಬೆಳೆಯುತ್ತವೆಂಬುದನ್ನು ಚೀನಾ ದೇಶದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್‌ಸನ್ 1877ರಲ್ಲಿ ತೋರಿಸಿಕೊಟ್ಟರು.

ಈ ಮರಿಗಳ ನಡತೆಯು ಸೋಜಿಗವನ್ನುಂಟುಮಾಡುತ್ತದೆ. ಹಗಲಿನಲ್ಲಿ ಅವು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ಸೊಳ್ಳೆಗಳು ಕಚ್ಚುವ ನಡುರಾತ್ರಿಯ ಹೊತ್ತಿಗೆ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ಆದುದರಿಂದಲೇ ಈ ರೋಗದ ತಪಾಸಣೆಗೆ ರಕ್ತವನ್ನು ರಾತ್ರಿಯ ವೇಳೆ ತೆಗೆಯುವ ರೂಢಿ ಬಂದಿತು. ಆದರೆ ಹಗಲಾಗಲಿ ಇರುಳಾಗಲಿ ಅವು ಇರುವುದು ರಕ್ತದಲ್ಲಿಯೇ, ಎಂದರೆ ಕಾವಲು ಸೈನ್ಯದ ನಡುವೆಯೇ. ಹಾಗಾದರೆ ಬಿಳಿ ರಕ್ತಕಣಗಳು ಅವುಗಳನ್ನು ಏಕೆ ಕೊಲ್ಲುವುದಿಲ್ಲ? ಇದಕ್ಕೆ ವಿಜ್ಞಾನಿಗಳು ಕ್ರಮೇಣ ಉತ್ತರಗಳನ್ನು ಕಂಡುಕೊಂಡಿದ್ದಾರೆ. ಮರಿಯ ಮೈಮೇಲೆ ಒಂದು ತೆಳುವಾದ ಒರೆ ಇರುತ್ತದೆ. ಅದು ಆತಿಥೇಯನ ರಕ್ತದಲ್ಲಿರುವ ವಸ್ತುಗಳನ್ನೇ ತನ್ನ ಮೇಲೆ ಲೇಪಿಸಿಕೊಳ್ಳುವುದರಿಂದ ಪರಕೀಯವೆಂದು ಸುಲಭವಾಗಿ ಗುರುತು ಸಿಗುವುದಿಲ್ಲ. ಅಷ್ಟೇ ಅಲ್ಲದೆ ಹುಳುಗಳು ಸ್ರವಿಸುವ ರಸಗಳು ರಕ್ಷಣಾ ವ್ಯವಸ್ಥೆಯ ಉದ್ವೇಗವನ್ನು ತಣಿಸುತ್ತವೆ. ಹೋರಾಟವು ಮಿತಿಮೀರದಂತೆ ಸೈನ್ಯವನ್ನು ತಡೆಹಿಡಿಯುವ ಕಣಗಳು ದೇಹದಲ್ಲಿ ಸಹಜವಾಗಿಯೇ ಇವೆ. ಹುಳುಗಳು ಅವುಗಳನ್ನೇ ಪ್ರಚೋದಿಸಿ, ಕಾವಲುಗಾರರು ತೂಕಡಿಸುವಂತೆ ಮಾಡುತ್ತವೆ.

ಕರುಳಿನಲ್ಲಿ ವಾಸಿಸುವ ಲಾಡಿಹುಳುಗಳ ವಂಶದಲ್ಲಿಯೂ ಇಂತಹ ಕಪಟವಿದ್ಯೆ ಉಂಟು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಸುತ್ತಣ ಬಯಲುನಾಡಿನಂತೆ ಕುರಿ ಸಾಕುವ ಸೀಮೆಗಳಲ್ಲಿ ಕುರಿಯೂ ನಾಯಿಯೂ ಕುರಿಗಾಹಿಗೆ ನಿತ್ಯದ ಸಂಗಾತಿಗಳು. ನಾಯಿಯ ಕರುಳಿನಲ್ಲಿ ಬದುಕುವ ಒಂದು ಪುಟ್ಟ ಲಾಡಿಹುಳುವಿನ ಮೊಟ್ಟೆಗಳು ಅದರ ಮಲದೊಡನೆ ಹುಲ್ಲಿಗೆ ಬಿದ್ದು, ಮೇಯುವ ಕುರಿಯನ್ನು ಸೇರುತ್ತವೆ. ಕೈ ತೊಳೆಯದೆ ಉಣ್ಣುವ ಮನುಷ್ಯನ ಹೊಟ್ಟೆಯನ್ನೂ ಸೇರಬಹುದು. ಒಳಗೆ ಅವು ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರುಗುಳ್ಳೆಯಾಗಿ ಬೆಳೆದು, ತಮ್ಮ ಸುತ್ತ ಪದರಪದರವಾದ ಗೋಡೆಯನ್ನು ಕಟ್ಟಿಕೊಳ್ಳುತ್ತವೆ. ಕೋಟೆಯೊಳಗೆ ವೈರಿಯು ತನ್ನದೇ ಕೋಟೆಯನ್ನು ಕಟ್ಟಿಕೊಂಡಂತೆ! ಹಂದಿಮಾಂಸದಿಂದ ಬರುವ ಲಾಡಿಹುಳುವಿನ ಮೊಟ್ಟೆಗಳು ಮಲಿನವಾದ ಆಹಾರದ ಮೂಲಕ ಒಳಸೇರಿದರೆ, ಅದರ ಮರಿಗುಳ್ಳೆಗಳು ಮಿದುಳಿನಲ್ಲಿಯೂ ನೆಲೆಸಬಲ್ಲವು. ಜೀವಂತವಾಗಿರುವವರೆಗೆ ಅವು ರಕ್ಷಣಾ ವ್ಯವಸ್ಥೆಯನ್ನು ಮರುಳುಗೊಳಿಸಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತವೆ. ಹುಳು ಸಾಯುತ್ತ ಬಂದು ಅದರ ಮರೆ ಕಳಚಿದಾಗ ದೇಹದ ಸೈನ್ಯವು ಎಚ್ಚೆತ್ತು ಮೇಲೆ ಬೀಳುತ್ತದೆ. ಆ ಕದನದ ಉರಿಯೂತದಿಂದ ರೋಗಿಗೆ ಅಪಸ್ಮಾರ ಬರುವುದುಂಟು. ಲಾಡಿಹುಳುವಿನ ಮದ್ದು ಬೇರೆ, ಆನೆಕಾಲು ಹುಳುವಿನ ಮದ್ದು ಬೇರೆ. ಆದರೆ ಎರಡರ ಅಡಗುವ ವಿದ್ಯೆಯೂ ಒಂದೇ ಬಗೆಯದು.

ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಲ್ಲಿ ಹೋರಾಡುತ್ತಿದ್ದ ಸಾವಿರಾರು ಅಮೆರಿಕನ್ ಸೈನಿಕರಿಗೆ ಈ ಹುಳುಗಳ ಸೋಂಕು ತಗುಲಿತು. ಆಗ ಬಳಕೆಯಲ್ಲಿದ್ದ ಆಂಟಿಮನಿ, ಆರ್ಸೆನಿಕ್‌ಗಳಿಂದ ಕೂಡಿದ ಮದ್ದುಗಳು ವಿಷಕಾರಿಯಾಗಿದ್ದುವಲ್ಲದೆ ಹೆಚ್ಚು ಫಲವನ್ನೂ ಕೊಡುತ್ತಿರಲಿಲ್ಲ. ಸುಬ್ಬರಾಯರ ನಿರ್ದೇಶನದಲ್ಲಿ ಲೆಡರ್ಲ್ ಪ್ರಯೋಗಶಾಲೆಯು ಹೊಸ ಮದ್ದಿನ ಶೋಧಕ್ಕೆ ತೊಡಗಿತು. ಮನುಷ್ಯನ ಹುಳುವನ್ನು ಪ್ರಯೋಗಶಾಲೆಯಲ್ಲಿ ಸಾಕುವುದು ಸಾಧ್ಯವಿರಲಿಲ್ಲವಾದುದರಿಂದ ಅದರ ಬಂಧುವಾದ ಬೇರೊಂದು ಹುಳುವಿರುವ ಹತ್ತಿಯಿಲಿಗಳನ್ನು ಆರಿಸಿಕೊಂಡರು. ರೆಡ್ಜಿನಲ್ ಹ್ಯೂವಿಟ್ ಮೊದಲಾದವರು ಒಂದಾದ ಮೇಲೊಂದು ರಾಸಾಯನಿಕವನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಕೊನೆಗೆ ಪೈಪರಜೀನ್ ವರ್ಗಕ್ಕೆ ಸೇರಿದ ಡೈಈಥೈಲ್‌ಕಾರ್ಬಮಜೀನ್ ಎಂಬ ವಸ್ತುವನ್ನು ಕೊಟ್ಟಾಗ ಇಲಿಗಳ ರಕ್ತದಿಂದ ಮರಿಹುಳುಗಳು ಮಾಯವಾದುವು. ಪೋರ್ಟೊರಿಕೊ ದ್ವೀಪದ ರೋಗಿಗಳಲ್ಲಿಯೂ ಅದೇ ಫಲ ಕಂಡಿತು. 1947ರಲ್ಲಿ ಈ ಫಲಿತಾಂಶಗಳು ಪ್ರಕಟವಾದುವು. ಹೆಟ್ರಾಜಾನ್ ಎಂಬ ಹೆಸರಿನಿಂದ ಮದ್ದು ಪ್ರಚಾರಕ್ಕೆ ಬಂದಿತು.

ಈ ಮದ್ದಿನ ನಿಜವಾದ ವೈಶಿಷ್ಟ್ಯವು ತಿಳಿದುಬಂದದ್ದು ಆಮೇಲೆ. ಗಾಜಿನ ನಳಿಗೆಯಲ್ಲಿ ಮರಿಹುಳುಗಳನ್ನಿಟ್ಟು ಅದರ ಮೇಲೆ ಹೆಟ್ರಾಜಾನನ್ನು ಸುರಿದರೆ ಅವು ಸಾಯುತ್ತಿರಲಿಲ್ಲ, ಹರಿದಾಡುತ್ತಲೇ ಇರುತ್ತಿದ್ದುವು. ಅದೇ ಮದ್ದನ್ನು ಜೀವಂತ ಪ್ರಾಣಿಗೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಅವು ರಕ್ತದಿಂದ ಕಾಣೆಯಾಗುತ್ತಿದ್ದುವು. ಈ ಒಗಟನ್ನು ಇಂಗ್ಲೆಂಡಿನ ಫ್ರಾಂಕ್ ಹಾಕಿಂಗ್ ಎಂಬ ವೈದ್ಯ ವಿಜ್ಞಾನಿ ತಮ್ಮ ಸಂಗಡಿಗರೊಡನೆ ಪರಿಶೀಲಿಸಿ 1950ರಲ್ಲಿ ವಿವರಿಸಿದರು. ಮುಂದೆ ಲೋಕಪ್ರಸಿದ್ಧ ಭೌತವಿಜ್ಞಾನಿಯಾದ ಸ್ಟೀಫನ್ ಹಾಕಿಂಗ್ ಇವರ ಮಗನೇ. ಮದ್ದು ತಗುಲಿದ ಮರಿಹುಳುಗಳು ಯಕೃತ್ತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ದೇಹದ ಭಕ್ಷಕ ಕಣಗಳು ಅವುಗಳನ್ನು ಮುತ್ತಿ ನುಂಗುತ್ತವೆ ಎಂಬುದನ್ನು ಅವರು ಕಂಡರು. ಎಂದರೆ ಹೆಟ್ರಾಜಾನ್ ತಾನೇ ನೇರವಾಗಿ ಕೊಲ್ಲದೆ, ವೈರಿಯ ಮರೆಯನ್ನು ಕಳಚಿ ಕಾವಲುಗಾರರ ಕೈಗೆ ಒಪ್ಪಿಸುತ್ತದೆ. ಕೊಲ್ಲುವ ಶಕ್ತಿಯು ದೇಹದಲ್ಲಿ ಮೊದಲಿನಿಂದಲೂ ಇತ್ತು. ವೈರಿಯ ಗುರುತು ಮಾತ್ರ ಸಿಕ್ಕಿರಲಿಲ್ಲ. ಈ ಕ್ರಿಯೆಯ ಎಲ್ಲ ಹಂತಗಳೂ ಇಂದಿಗೂ ಪೂರ್ತಿಯಾಗಿ ಬಿಡಿಸಲ್ಪಟ್ಟಿಲ್ಲ. ಮರಿಹುಳುಗಳು ಹೆಚ್ಚಾಗಿರುವ ರೋಗಿಗೆ ಮದ್ದು ಕೊಟ್ಟಾಗ ಜ್ವರ, ತಲೆನೋವು, ಮೈಕೈನೋವು ಬರುವುದುಂಟು. ಅದು ಬಹುಮಟ್ಟಿಗೆ ಸಾಯುತ್ತಿರುವ ಹುಳುಗಳೊಡನೆ ದೇಹವು ನಡೆಸುವ ಕಾಳಗದ ಕುರುಹು.

ಸುಬ್ಬರಾಯರ ತಂಡದ ಸಾಧನೆ ಇಷ್ಟಕ್ಕೆ ನಿಲ್ಲಲಿಲ್ಲ. ಫೋಲಿಕ್ ಆಮ್ಲವನ್ನು ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ವಸ್ತುಗಳನ್ನು ಅವರು ತಯಾರಿಸಿದರು. ಬಾಸ್ಟನ್ನಿನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಅವುಗಳಲ್ಲಿ ಒಂದಾದ ಅಮೈನಾಪ್ಟೆರಿನ್ನನ್ನು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟಾಗ, ಸ್ವಲ್ಪ ಕಾಲವಾದರೂ ರೋಗವು ಹಿಮ್ಮೆಟ್ಟಿತು. 1948ರಲ್ಲಿ ಪ್ರಕಟವಾದ ಈ ಫಲಿತಾಂಶವು ಕ್ಯಾನ್ಸರ್ ಔಷಧಿಗಳ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಇದೇ ವರ್ಗದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಅವರ ವಿಭಾಗದಲ್ಲಿಯೇ ಬೆಂಜಮಿನ್ ಡಗ್ಗರ್ ಎಂಬ ವಯೋವೃದ್ಧ ಸಸ್ಯಶಾಸ್ತ್ರಜ್ಞರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೊಮೈಸಿನ್ ಎಂಬ ಜೀವಿರೋಧಕವನ್ನು ಪಡೆದರು. ಟೆಟ್ರಸೈಕ್ಲಿನ್ ವರ್ಗದ ಔಷಧಿಗಳಲ್ಲಿ ಅದೇ ಮೊದಲನೆಯದು.

ಆದರೆ ವಿಶ್ರಾಂತಿಯನ್ನರಿಯದ ಆ ದೇಹವು ಹೆಚ್ಚು ಕಾಲ ಬಾಳಲಿಲ್ಲ. 1948ರ ಆಗಸ್ಟ್ ತಿಂಗಳಲ್ಲಿ ಸುಬ್ಬರಾಯರು ಹೃದಯಾಘಾತದಿಂದ, ನಿದ್ರೆಯಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ ಐವತ್ತಮೂರು ವರ್ಷ. ತಾಯ್ನಾಡು ಸ್ವತಂತ್ರವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಅವರು ಅಮೆರಿಕದ ಪೌರತ್ವವನ್ನು ಪಡೆಯದೆ ಭಾರತೀಯರಾಗಿಯೇ ತೀರಿಕೊಂಡರು. ಜೀವಮಾನದಲ್ಲಿ ಅವರು ಕೀರ್ತಿಯನ್ನು ಬೆನ್ನಟ್ಟಲಿಲ್ಲ. ತಂಡದ ಗೆಲುವನ್ನು ತಮ್ಮ ಒಬ್ಬರ ಗೆಲುವೆಂದು ಸಾರಿಕೊಳ್ಳಲಿಲ್ಲ. ಆದುದರಿಂದ ಅವರ ಔಷಧಿಗಳು ಮನೆಮನೆಯನ್ನು ಮುಟ್ಟಿದರೂ ಹೆಸರು ಹಿಂದೆಯೇ ಉಳಿಯಿತು. ಅವರ ನೆನಪಿಗಾಗಿ ವಿಜ್ಞಾನಿಗಳು ಒಂದು ಬಗೆಯ ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂಬ ಹೆಸರನ್ನಿಟ್ಟರು. ಅವರ ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಅವರ ಔಷಧಿಯ ಕೆಲಸವು ಅವರ ಕಾಲಾನಂತರ ದೇಶದೇಶಗಳಿಗೆ ವಿಸ್ತರಿಸಿತು. ಆನೆಕಾಲು ರೋಗವನ್ನು ಲೋಕದಿಂದಲೇ ನಿರ್ಮೂಲ ಮಾಡುವ ಕಾರ್ಯಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2000ದಲ್ಲಿ ಆರಂಭಿಸಿತು. ಭಾರತದಲ್ಲಿ 2004ರಿಂದ ರೋಗವಿರುವ ಜಿಲ್ಲೆಗಳ ಜನರಿಗೆಲ್ಲ ವರ್ಷಕ್ಕೊಮ್ಮೆ ಡಿ.ಇ.ಸಿ. ಮಾತ್ರೆಗಳನ್ನು ನುಂಗಿಸುವ ಕಾರ್ಯವು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕರ್ನಾಟಕದ ಜಿಲ್ಲೆಗಳೂ ಇದರಲ್ಲಿ ಸೇರಿದ್ದುವು. ಡಿ.ಇ.ಸಿ. ಎಂಬುದು ಹೆಟ್ರಾಜಾನಿನ ರಾಸಾಯನಿಕ ಹೆಸರಿನ ಮೊಟಕು ರೂಪ. ಕ್ರಮೇಣ ಆಲ್ಬೆಂಡಜೋಲ್, ಐವರ್ಮೆಕ್ಟಿನ್‌ಗಳೂ ಅದರ ಜೊತೆಗೂಡಿದುವು. ನೆರೆಯ ಶ್ರೀಲಂಕಾ ಮತ್ತು ಮಾಲ್ಡೀವ್ಸ್ ದೇಶಗಳು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿದ್ದ ಈ ರೋಗವನ್ನು ನಿವಾರಿಸಿಕೊಂಡುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ದೃಢೀಕರಿಸಿತು.

ಮದ್ದಿಗೂ ಒಂದು ಮಿತಿಯುಂಟು. ಅದು ಬೆಳೆದ ಹುಳುಗಳಲ್ಲಿ ಕೆಲವನ್ನು ಮಾತ್ರ ಕೊಲ್ಲಬಲ್ಲದು. ಈಗಾಗಲೇ ಬಾತು ದಪ್ಪಗಟ್ಟಿದ ಕಾಲನ್ನು ಮೊದಲಿನಂತೆ ಮಾಡಲಾರದು. ಅಂತಹ ಕಾಲನ್ನು ದಿನವೂ ಸಾಬೂನಿನಿಂದ ತೊಳೆದು, ಒರಸಿ, ಗಾಯವಾಗದಂತೆ ಕಾಪಾಡಿಕೊಳ್ಳಬೇಕು. ಆದರೆ ರಕ್ತದಲ್ಲಿನ ಮರಿಗಳು ನಾಶವಾದರೆ ಸೊಳ್ಳೆಯು ಅವುಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಯ್ಯಲಾರದು; ಮುಂದಿನ ಪೀಳಿಗೆ ಪಾರಾಗುತ್ತದೆ. ಆದುದರಿಂದಲೇ ರೋಗವಿರುವ ಸೀಮೆಯಲ್ಲಿ ತನಗೆ ರೋಗವಿಲ್ಲವೆಂದು ತಿಳಿದವನೂ ಮಾತ್ರೆಯನ್ನು ಸೇವಿಸಬೇಕೆಂದು ಆರೋಗ್ಯ ಕಾರ್ಯಕರ್ತರು ಕೇಳಿಕೊಳ್ಳುತ್ತಾರೆ. ಅಡಗಿರುವ ವೈರಿಯ ಲಕ್ಷಣವೇ ಹಾಗೆ: ಆಶ್ರಯ ಕೊಟ್ಟವನಿಗೂ ಅದರ ಇರವು ತಿಳಿಯದು.

ಎರಡು ಬಾರಿ ಪರೀಕ್ಷೆಯಲ್ಲಿ ಸೋತ ಬಾಲಕ, ಸರಿಯಾದ ಪದವಿ ದೊರೆಯದ ವೈದ್ಯ, ಸೋದರರನ್ನು ಉಳಿಸಿಕೊಳ್ಳಲಾಗದ ಅಣ್ಣತಮ್ಮಂದಿರ ನಡುವಣ ಒಬ್ಬ, ರಾತ್ರಿಯ ಹೊತ್ತು ಆಸ್ಪತ್ರೆಯ ಪಾತ್ರೆ ತೊಳೆದ ವಿದ್ಯಾರ್ಥಿ — ಇವರೆಲ್ಲರೂ ಸುಬ್ಬರಾಯರೇ. ಒಂದೊಂದು ಸೋಲಿನ ತರುವಾಯವೂ ಅವರು ಅದರ ಕಾರಣವನ್ನು ಅರಿಯಲು ಯತ್ನಿಸಿದರು. ಯೌವನದಲ್ಲಿ ತೊಡಲಾಗದ ಕಾವಿಯನ್ನು ಅವರು ಕಡೆಯವರೆಗೂ ತೊಡಲಿಲ್ಲವಾದರೂ, ದೀನರ ಸೇವೆಯೆಂಬ ವ್ರತವನ್ನು ಪ್ರಯೋಗಶಾಲೆಯಲ್ಲಿಯೇ ನಡೆಸಿದರು. ಕರಾವಳಿಯ ಯಾವುದೋ ಹಳ್ಳಿಯಲ್ಲಿ ಆನೆಕಾಲಿನ ಭಯವಿಲ್ಲದೆ ಗದ್ದೆಗಿಳಿಯುವ ಇಂದಿನ ಯುವಕನಿಗೆ ಆ ವ್ರತದ ಫಲ ದೊರೆತಿದೆ.